ನೂರು ವ್ಯಾಟ್ ಬೇಕೇ ಬೇಕಾ?

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರ: ‘ನಾವು ನಾಲ್ವರು ಗೆಳೆಯರು ಬ್ಯಾಂಡ್ ಕಟ್ಟಿದ್ದೇವೆ. ಭಾವಗೀತೆ, ಹಳೆಯ ಸಿನಿಮಾ ಹಾಡು ನುಡಿಸುತ್ತೇವೆ. ನನ್ನ 10 ವ್ಯಾಟ್ ಆಂಪ್ (ಗಿಟಾರ್ ಸದ್ದು ಜೋರು ಮಾಡುವ ಆಂಪ್ಲಿಫೈಯರ್) ಮನೆಯಲ್ಲಿ ಬೇಕಾದಷ್ಟು ಜೋರು. ಡ್ರಮ್ಸ್ ಶುರುವಾದರೆ ನನ್ನ ಗಿಟಾರ್ ನನಗೇ ಕೇಳಿಸುವುದಿಲ್ಲ. ರಾಜ್ಯೋತ್ಸವಕ್ಕೆ ಮಾಟುಂಗದಲ್ಲಿ ಕಾರ್ಯಕ್ರಮವಿದೆ. 100 ವ್ಯಾಟ್‌ನದ್ದು ತಗೊಳ್ಳಲಾ? ಅಮೆರಿಕದಲ್ಲಿರುವ ಮಾವ ಅಲ್ಲಿಂದ ಟ್ಯೂಬ್ ಆಂಪ್ (ಹಳೆಯ ರೇಡಿಯೋದಂತೆ ಗಾಜಿನ ವಾಲ್ವ್ ಇರುವುದು) ತರುತ್ತೇನೆ ಅನ್ನುತ್ತಿದ್ದಾರೆ.’

ಸಂಪಾದಕರ ಉತ್ತರ:

10ರಿಂದ 100ಕ್ಕೆ ಹೋದರೆ ಹತ್ತು ಪಟ್ಟು ಜೋರಾಗುತ್ತದೆ ಅಂದುಕೊಂಡಿದ್ದೀರಿ ಅಲ್ವಾ? ಹಾಗಾಗುವುದಿಲ್ಲ. ವ್ಯಾಟ್ ಹತ್ತು ಪಟ್ಟಾದರೆ ಸದ್ದು 10 ಡೆಸಿಬಲ್ (ಸದ್ದಿನ ಅಳತೆ) ಏರುತ್ತದೆ. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು. 50ರ ಬದಲು 100 ಕೊಂಡರೆ ಸಿಗುವುದು ಬರೀ 3 ಡೆಸಿಬಲ್. ಅಷ್ಟಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ.

ಸ್ಪೀಕರ್ ಕಡೆ ನೋಡಿ. ಮನೆಯ ಸಣ್ಣ ಆಂಪ್‌ಗಳಲ್ಲಿ ಸಾಮಾನ್ಯವಾಗಿ 6 ಅಥವಾ 8 ಇಂಚಿನದ್ದು ಇರುತ್ತದೆ. ನಿಮಗೆ 12 ಇಂಚಿನದ್ದು ಬೇಕು. ಅದರಲ್ಲೂ ಒಂದೇ ವ್ಯಾಟ್‌ಗೆ ಒಂದು ಸ್ಪೀಕರ್ 94 ಡೆಸಿಬಲ್ ಕೊಟ್ಟರೆ ಇನ್ನೊಂದು 100 ಕೊಡುತ್ತದೆ. ಈ 6 ಡೆಸಿಬಲ್ ಅಂದರೆ ವ್ಯಾಟ್ ನಾಲ್ಕು ಪಟ್ಟು ಮಾಡಿದಂತೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಟ್ಯೂಬ್ ಆಂಪ್ ಆದರೆ 15-20 ವ್ಯಾಟ್ ಕೂಡ ಡ್ರಮ್ಸ್ ಜೊತೆ ನಿಲ್ಲುತ್ತದೆ. ಜೋರು ಹೆಚ್ಚಾಗಿ ಅದರ ದನಿ ಒಡೆದರೂ ಕೇಳಲು ಹಿತ, ಹಾಗಾಗಿ ಮಿತಿ ಮೀರಿಸಿಯೂ ನುಡಿಸುತ್ತಾರೆ. ವಾಲ್ವ್ ಬದಲು ಟ್ರಾನ್ಸಿಸ್ಟರ್ ಇರುವ ಆಂಪ್‌ನ ದನಿ ಒಡೆದರೆ ಕರ್ಕಶ, ಅದಕ್ಕೇ ಅದರಲ್ಲಿ 50 ವ್ಯಾಟ್ ಆದರೂ ಇರಲಿ. ಆದರೆ ಭಾವಗೀತೆಗೆ ಒಡೆದ ದನಿ ಯಾಕೆ? ನಿಮಗೆ ಬೇಕಾದದ್ದು ಶುದ್ಧ ದನಿ, ಅದು ಟ್ರಾನ್ಸಿಸ್ಟರ್‌ನಲ್ಲಿ ಅಗ್ಗವಾಗಿ ಸಿಗುತ್ತದೆ. ಶುದ್ಧ ದನಿಗೆ ಹೆಸರಾದದ್ದು ರೋಲ್ಯಾಂಡ್ ಕಂಪನಿಯ ಜೆಸಿ-120 ಆಂಪ್. 1975ರಿಂದ ಇದೆ, 120 ವ್ಯಾಟ್. ತೂಕ ಸುಮಾರು 28 ಕಿಲೋ! ಅದನ್ನು ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವುದನ್ನು ಒಮ್ಮೆ ನೆನೆಸಿಕೊಳ್ಳಿ. ಬಾಸ್ (Boss) ಕಂಪನಿಯ ಕಟಾನಾ 50 ಅದರ ಅರ್ಧ ತೂಕವೂ ಇಲ್ಲ, ಸ್ಪೀಕರ್ 12 ಇಂಚು. ಅರ್ಧ ವ್ಯಾಟ್‌ಗೆ ಇಳಿಸುವ ಸ್ವಿಚ್ಚೂ ಇದೆ. ರಾತ್ರಿ ನುಡಿಸಿದರೂ ಸೊಸೈಟಿಯವರು ಬಾಗಿಲು ಬಡಿಯಲಾರರು. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಕೊಳ್ಳುತ್ತಿದ್ದೆ.

ಮಾವನಿಗೆ ಬೇಡ ಅನ್ನಿ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ವೋಲ್ಟೇಜ್ ಬದಲಿಸುವ ಸ್ವಿಚ್ ಇಲ್ಲದ ಆಂಪನ್ನು ಇಲ್ಲಿ ನೇರ ಚುಚ್ಚಿದರೆ ಸುಟ್ಟೇ ಹೋಗಬಹುದು. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡರೆ ಹೊರಲು ಇನ್ನೊಂದು ಗಂಟು.

ಇಷ್ಟೆಲ್ಲ ಹೇಳಿದರೂ ನಿಮ್ಮ ಅರ್ಧ ತೊಂದರೆ ಆಂಪ್‌ನದ್ದಲ್ಲ ಅನ್ನಿಸುತ್ತದೆ. ಒಬ್ಬರೇ ನುಡಿಸುವಾಗ ಆಂಪ್‌ನ ಬಾಸ್ (ಕೆಳಗಿನ ದನಿ), ಟ್ರೆಬಲ್ (ಮೇಲಿನ ದನಿ) ಏರಿಸಿ ಮಿಡ್ (ನಡುವಿನ ದನಿ) ಇಳಿಸಿದರೆ ದನಿ ಭರ್ಜರಿ ಅನ್ನಿಸುತ್ತದೆ. ಬ್ಯಾಂಡ್‌ನಲ್ಲಿ ಕೆಳಗಿನ ಜಾಗ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದ್ದು, ಮೇಲಿನದು ಡ್ರಮ್ಸ್‌ನ ಲೋಹದ ತಟ್ಟೆ, ಅಂದರೆ ಸಿಂಬಲ್‌ನದ್ದು. ನಿಮಗೆ ಉಳಿಯುವುದು ನಡುವಿನದೇ, ಅದನ್ನೇ ನೀವು ಇಳಿಸಿದ್ದರೆ ಗಿಟಾರ್ ಕೇಳುವುದಾದರೂ ಹೇಗೆ? ಮಿಡ್ ಏರಿಸಿ, ಬಾಸ್ ಇಳಿಸಿ. ಒಬ್ಬರೇ ಇದ್ದಾಗ ಒರಟು ಅನ್ನಿಸೀತು, ತಲೆ ಕೆಡಿಸಿಕೊಳ್ಳಬೇಡಿ. ಆಂಪ್ ನೆಲದ ಮೇಲಿದ್ದರೆ ಸದ್ದು ಮೊಣಕಾಲಿಗೆ ಹೋಗುತ್ತದೆ. ಕುರ್ಚಿ ಮೇಲಿಟ್ಟು ಕಿವಿಯ ಕಡೆ ವಾಲಿಸಿ. ಡ್ರಮ್ಮರ್‌ಗೂ ಸ್ವಲ್ಪ ಮೆತ್ತಗೆ ಬಾರಿಸಲು ಹೇಳಿ ನೋಡಿ, ಕೇಳಿದರೆ ನಿಮ್ಮ ಪುಣ್ಯ.

ಸಭಾಂಗಣದ ಚಿಂತೆ ಬೇಡ. ಅಲ್ಲಿ ಆಂಪ್ ಮುಂದೆ ಒಂದು ಮೈಕ್ ಇಟ್ಟರೆ ಹಿಂದಿನ ಸಾಲಿಗೂ ಕೇಳುತ್ತದೆ. ವೇದಿಕೆಯಲ್ಲಿ ನಿಮಗೂ ಗೆಳೆಯರಿಗೂ ಕೇಳುವಷ್ಟು ಜೋರಿದ್ದರೆ ಸಾಕು.

ಕೊಳ್ಳುವಾಗ ಮುಂಬೈನ ಧೋಬಿ ತಲಾವ್‌ನ ವಾದ್ಯದ ಅಂಗಡಿಗಳಿಗೆ ನಿಮ್ಮದೇ ಗಿಟಾರ್ ಹೊತ್ತು ಹೋಗಿ, ವಾಲ್ಯೂಮನ್ನು ಅರ್ಧಕ್ಕಿಂತ ಮೇಲೇರಿಸಿ ನುಡಿಸಿ. ಮೆಲ್ಲಗೆ ನುಡಿಸಿದಾಗ ಎಲ್ಲ ಆಂಪೂ ಚೆನ್ನಾಗಿಯೇ ಕೇಳುತ್ತದೆ. ಜೋರು ಮಾಡಲು ಬಿಡದ ಅಂಗಡಿಯಿಂದ ಸುಮ್ನೆ ಹೊರಗೆ ಬನ್ನಿ, ಪಕ್ಕದಲ್ಲೇ ಇನ್ನೊಂದಿದೆ.