ಅಮ್ಮನಿಗೆ ಗೋಡೆಯ ಮೇಲೆ ಇಲ್ಲದ ಬಳ್ಳಿ ಕಾಣುತ್ತಿದೆ ಎಂದವರಿಗೆ

ಇದು ಹೆಚ್ಚಾಗಿ ಚಾರ್ಲ್ಸ್ ಬಾನೆಟ್ ಸಿಂಡ್ರೋಮ್, ಅಂದರೆ ದೃಷ್ಟಿ ಕುಂದಿದವರಿಗೆ ಇಲ್ಲದ್ದು ಕಾಣುವ ಸ್ಥಿತಿ. ನಿಮ್ಮ ಅಮ್ಮನಿಗೆ ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಹಾಳಾಗಿ ನಡು ದೃಷ್ಟಿ ಹೋಗಿದೆ ಎಂದು ಬರೆದಿದ್ದೀರಿ. ಕಣ್ಣಿನಿಂದ ಬರುವ ಸುದ್ದಿ ಕಮ್ಮಿಯಾದಾಗ ಮಿದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. 1760ರಲ್ಲೇ ಸ್ವಿಸ್ ವಿಜ್ಞಾನಿ ಬಾನೆಟ್ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟಿದ್ದ. ದೆವ್ವವೂ ಅಲ್ಲ, ಹುಚ್ಚೂ ಅಲ್ಲ. ಮಂತ್ರಿಸಿದ ದಾರ ಕಟ್ಟಿಸಲು ಓಡಬೇಡಿ.

ಮೊದಲು ಅವರನ್ನೇ ಮೆತ್ತಗೆ ಕೇಳಿ: ಬಳ್ಳಿ ನಿಜವಲ್ಲ ಅಂತ ಅವರಿಗೆ ಗೊತ್ತಾ? ಮಾತು, ವಾಸನೆ ಏನಾದರೂ ಬರುತ್ತಾ? ಇದೇ ತೊಂದರೆಯಿದ್ದ ನಮ್ಮತ್ತೆ ತಿಂಗಳುಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಬಾಲ್ಕನಿಗೆ ಬಟ್ಟೆ ಹರವಲು ಹೋಗುವಾಗ ಇಲ್ಲದ ಮಕ್ಕಳನ್ನು ಸುತ್ತಿಬಳಸಿ ನಡೆಯುತ್ತಿದ್ದರು, ಅದರಿಂದ ಸಿಕ್ಕಿಬಿದ್ದರು.

ದನಿ ಕೇಳಿಸಿದರೆ, ಗೊಂದಲ ಅಥವಾ ಜ್ವರ ಇದ್ದರೆ ನನ್ನ ಊಹೆ ತಪ್ಪಿರಬಹುದು. ಉರಿಮೂತ್ರ, ಹೊಸ ಮಾತ್ರೆ, ಮರೆವಿನ ಕಾಯಿಲೆಯಿಂದಲೂ ಹೀಗಾಗುತ್ತದೆ. ಹಾಗಾಗಿ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಫಿಸಿಶಿಯನ್‌ಗೆ ಒಮ್ಮೆ ತೋರಿಸಲೇಬೇಕು.

ಚಿತ್ರ ಬಂದಾಗ ಲೈಟ್ ಹಾಕಿ. ತಲೆ ಅಲುಗಿಸದೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಲಿ, ಇಲ್ಲವೇ ಕೈ ಚಾಚಿ ಮುಟ್ಟಲಿ. ಹಲವರಿಗೆ ಮಾಯವಾಗುತ್ತದೆ, ಎಲ್ಲರಿಗೂ ಅಲ್ಲ. ಮಬ್ಬುಗತ್ತಲಲ್ಲಿ ಸುಮ್ಮನೆ ಕೂತಾಗಲೇ ಇದರ ಕಾಟ ಜಾಸ್ತಿ.

ಆಮೇಲೆ ಲೋ ವಿಷನ್ ಕ್ಲಿನಿಕ್, ಅಂದರೆ ಉಳಿದ ದೃಷ್ಟಿಯನ್ನು ಚೆನ್ನಾಗಿ ಬಳಸಲು ಕಲಿಸುವ ಕಡೆ ಹೋಗಿ. ನೀವಿರುವ ಡೊಂಬಿವಲಿಯಿಂದ ದೂರವಾದರೂ ಮುಂಬೈನ ವರ್ಲಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್‌ಗೆ ಫೋನ್ ಮಾಡಿ, ಹತ್ತಿರ ಎಲ್ಲಿ ತಪಾಸಣೆ ಇದೆ ಎಂದು ಕೇಳಿ. ಹೊಸ ಕನ್ನಡಕಕ್ಕೆ ಮತ್ತೆ ದುಡ್ಡು ಸುರಿಯಬೇಡಿ. ಬೇಕಿರುವುದು ಬೆಳಕು, ಭೂತಗನ್ನಡಿ, ಓರೆಗಣ್ಣಲ್ಲಿ ನೋಡುವ ಅಭ್ಯಾಸ.

ಬಾಗಿಲ ಚೌಕಟ್ಟಿನಂಥ ನೇರ ಗೆರೆಗಳು ಇದ್ದಕ್ಕಿದ್ದಂತೆ ಸೊಟ್ಟಗೆ ಕಂಡರೆ ಮಾತ್ರ ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ.