ಬೊಗ್ಗನ ಬಾಯಿ ಮುಚ್ಚಿಸಿದ್ದು ನಾನೇ

ನಾಯಿಗೆ ಎರಡು ವರ್ಷ, ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ, ಅದನ್ನು ಬಿಡಿಸಲು ಎರಡೇಟು ಹಾಕಬಹುದಾ, ಇಲ್ಲ ಟ್ರೈನರ್ ಹತ್ತಿರ ಬಿಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಗುರುಗುಟ್ಟುವುದನ್ನು ಬಿಡಿಸಲೇಬೇಡಿ. ನಾನು ಬಿಡಿಸಿದ್ದೆ. ಬರೀ ಇಪ್ಪತ್ತು ದಿನದಲ್ಲಿ.

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮದು ಅಡಕೆ ತೋಟದ ಮನೆ. ಬೊಗ್ಗ ಊರ ಜಾತಿಯ ನಾಯಿ. ಹಗಲು ಸಂಕೋಲೆ, ರಾತ್ರಿ ಬಿಡುವುದು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಹೀಗೇ ಅಲ್ವಾ. ಮೂರು ವರ್ಷ ಅವನು ತಟ್ಟೆಯ ವಿಷಯಕ್ಕೆ ಯಾರ ಮೇಲೂ ಸಿಟ್ಟು ಮಾಡಿದವನಲ್ಲ. ಅವನು ತಿನ್ನುತ್ತಿರುವಾಗಲೇ ಅಮ್ಮ ಮೇಲಿಂದ ಗಂಜಿ ಸುರಿಯುತ್ತಿದ್ದರು. ಕೋಳಿಗಳು ಬಂದು ಅದೇ ತಟ್ಟೆಯಿಂದ ಅನ್ನ ಹೆಕ್ಕುತ್ತಿದ್ದವು. ಒಂದು ವರ್ಷ ಕುಂಭ ತಿಂಗಳಲ್ಲಿ, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಇದ್ದಕ್ಕಿದ್ದಂತೆ ಗುರ್ ಅನ್ನಲು ಶುರು ಮಾಡಿದ. ಮೊದಲು ಕೋಳಿಗೆ, ಆಮೇಲೆ ಅಮ್ಮನಿಗೆ, ಕೊನೆಗೆ ನನಗೆ.

ನನಗೆ ಕೋಪ ಬಂತು. ಒಬ್ಬ ಗೆಳೆಯ ಬೇರೆ ಕಿವಿಯೂದಿದ. "ಯಜಮಾನ ಯಾರು ಅಂತ ತೋರಿಸು ಮಾರಾಯ. ತಿನ್ನುವಾಗ ತಟ್ಟೆ ಎಳೆ, ಮತ್ತೆ ಕೊಡು. ಗುರ್ ಅಂದರೆ ಬಾರಿಸು." ನಾನು ಹಾಗೇ ಮಾಡಿದೆ. ಒಂದು ಒಣ ಅಡಕೆಹಾಳೆ ಇಟ್ಟುಕೊಂಡಿದ್ದೆ. ಗುರ್ ಅಂದ ಕೂಡಲೇ ಪಕ್ಕದ ನೆಲಕ್ಕೆ ಪಟಾರ್ ಅಂತ ಒಂದು. ಆದರೂ ನಿಲ್ಲಿಸದಿದ್ದರೆ ಬೆನ್ನಿಗೆ ಒಂದು. ಇಪ್ಪತ್ತು ದಿನಕ್ಕೆ ಬೊಗ್ಗ ಪೂರ್ತಿ ಸುಮ್ಮನಾದ. ಅಕ್ಕನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ನಾನು ಮಾಡಿದ್ದು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನನಗೆ ಅರ್ಥವಾಗಲು ಬಹಳ ಸಮಯ ಹಿಡಿಯಿತು. ಬೊಗ್ಗನ ಒಳಗೆ ಒಂದು ಭಯ ಇತ್ತು: ಇವರು ಹತ್ತಿರ ಬಂದರೆ ನನಗೆ ಕೆಟ್ಟದಾಗುತ್ತದೆ ಅಂತ. ಆ ಭಯವನ್ನು ನಾನು ಮುಟ್ಟಲೇ ಇಲ್ಲ. ತಟ್ಟೆ ಎಳೆದೂ ಎಳೆದೂ ಅದು ನಿಜ ಅಂತ ದಿನಾ ಎರಡು ಹೊತ್ತು ಸಾಬೀತು ಮಾಡಿದೆ. ನಾನು ತೆಗೆದದ್ದು ಸದ್ದನ್ನು ಮಾತ್ರ. "ಇನ್ನೂ ಹತ್ತಿರ ಬಂದರೆ ಕಚ್ಚುತ್ತೇನೆ" ಅಂತ ಅವನು ಮರ್ಯಾದೆಯಿಂದ ಹೇಳುತ್ತಿದ್ದ. ಹಾಗೆ ಹೇಳಿದರೆ ಏಟು ಬೀಳುತ್ತದೆ ಅಂತ ಕಲಿಸಿದೆ. ಕಚ್ಚಬೇಡ ಅಂತ ಕಲಿಸಲಿಲ್ಲ, ಹೇಳದೆ ಕಚ್ಚು ಅಂತ ಕಲಿಸಿದೆ.

ಏಪ್ರಿಲ್‌ನಲ್ಲಿ ಬಿಷು ಹಬ್ಬಕ್ಕೆ ಅಕ್ಕ ಬಂದಿದ್ದಳು. ಅವಳ ಆರು ವರ್ಷದ ಮಗ ಅಂಗಳದಲ್ಲಿ ಆಡುತ್ತಿದ್ದ. ಒಂದು ಕಾಟುಮಾವಿನ ಹಣ್ಣು ಉರುಳಿಕೊಂಡು ಬೊಗ್ಗನ ತಟ್ಟೆಯ ಹತ್ತಿರ ನಿಂತಿತು. ಹುಡುಗ ಹೆಕ್ಕಲು ಬಗ್ಗಿದ. ಬೊಗ್ಗ ತಿನ್ನುವುದು ನಿಲ್ಲಿಸಿ ಕಲ್ಲಿನ ಹಾಗಾದ. ಬಾಲ ಅಲ್ಲಾಡಲಿಲ್ಲ, ಕಣ್ಣಿನ ಬಿಳಿ ಕಾಣಿಸಿತು. ನಾನು ಜಗಲಿಯಲ್ಲೇ ಕೂತು ನೋಡುತ್ತಿದ್ದೆ. ಗುರ್ ಅನ್ನಲಿಲ್ಲವಲ್ಲ, ಹಾಗಾಗಿ ಏಳಲಿಲ್ಲ. ಮುಂಗೈಯಲ್ಲಿ ನಾಲ್ಕು ಹಲ್ಲಿನ ಗುರುತು, ಒಂದು ಆಳ.

ಅಜ್ಜಿ ಅರಸಿನ ತರಲು ಓಡಿದರು. ಅದನ್ನೆಲ್ಲ ಹಚ್ಚಬಾರದು. ನಳ್ಳಿಯಡಿ ಸೋಪು ಹಾಕಿ 15 ನಿಮಿಷ ತೊಳೆದು ಕಾಸರಗೋಡಿಗೆ ಕರೆದುಕೊಂಡು ಹೋದೆವು. ಗಾಯಕ್ಕೆ ಇಮ್ಯುನೋಗ್ಲೋಬ್ಯುಲಿನ್, ಅಂದರೆ ರೇಬೀಸನ್ನು ಕೂಡಲೇ ತಡೆಯುವ ಮದ್ದು, ಜೊತೆಗೆ 0, 3, 7, 28ನೇ ದಿನ ರೇಬೀಸ್ ಲಸಿಕೆಯ ಇಂಜೆಕ್ಷನ್. ಬೊಗ್ಗನಿಗೆ ವರ್ಷಾವರ್ಷ ರೇಬೀಸ್ ಲಸಿಕೆ ಆಗಿತ್ತು, ಆದರೂ ಹುಡುಗನಿಗೆ ಒಂದನ್ನೂ ತಪ್ಪಿಸಲಿಲ್ಲ. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿಕೊಂಡೆವು. ಭಾವ ನನ್ನ ಹತ್ತಿರ ಮಾತು ಬಿಟ್ಟರು. ಅದು ಬೇರೆ ಕತೆ.

ಹತ್ತು ದಿನ ಕಳೆದ ಮೇಲೆ ಮೃಗಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ತೆಂಕು ಕೇರಳದವರು, ಮಲಯಾಳ ಮಾತ್ರ ಬರುತ್ತದೆ. ನಾನು ಹೆಮ್ಮೆ ಬಿಡದೆ ಹಾಳೆಯ ಕತೆಯನ್ನೂ ಹೇಳಿದೆ. ಅವರು ತಲೆ ಎತ್ತದೆ "ಮುರಳುನ್ನದ್ ನಿರ್ತ್ತಿಚ್ಚದ್ ಆರಾ, ನಿಙ್ಙಳಾ?" ಅಂದರು. ಗುರುಗುಟ್ಟುವುದನ್ನು ನಿಲ್ಲಿಸಿದ್ದು ಯಾರು, ನೀವಾ ಅಂತ. ಆಮೇಲೆ ಮಂಪರಿನ ಇಂಜೆಕ್ಷನ್ ಕೊಟ್ಟು ಬಾಯಿ ತೆರೆದು ತೋರಿಸಿದರು. ಮೇಲಿನ ಸಾಲಿನ ದೊಡ್ಡ ದವಡೆಹಲ್ಲು, ಮೂರು ಬೇರಿನದ್ದು, ಹೊರಬದಿಯಿಂದ ಕಲ್ಲಿನ ಚಕ್ಕೆ ಎದ್ದ ಹಾಗೆ ಸೀಳಿತ್ತು. ಒಳಗೆ ಕೀವು. ಹಗಲಿಡೀ ಸಂಕೋಲೆ ಕಚ್ಚುವ ನಾಯಿಗಳಿಗೆ ಇದು ಆಗುತ್ತದಂತೆ. ಆಗ ನೆನಪಾಯಿತು: ಎರಡು ತಿಂಗಳಿಂದ ಅವನು ಒಂದೇ ಬದಿಯಲ್ಲಿ ಅಗಿಯುತ್ತಿದ್ದ, ಇನ್ನೊಂದು ಬದಿಯಿಂದ ಅನ್ನ ಉದುರುತ್ತಿತ್ತು. ಆ ಉದುರಿದ್ದಕ್ಕೇ ಕೋಳಿಗಳು ಜಾಸ್ತಿ ಬರುತ್ತಿದ್ದವು.

ಆ "ಯಜಮಾನ" ಸಿದ್ಧಾಂತ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿ ಓದಿದೆ. ಗೂಡಿನಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಶೆಂಕೆಲ್ ಎಂಬ ಪ್ರಾಣಿ ಸಂಶೋಧಕರು ಬರೆದದ್ದು ಅದರ ಬೇರು. ಅದನ್ನು ಜನಪ್ರಿಯ ಮಾಡಿದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಹಾಗಾಗಿ ಗುಂಪಿಗೊಬ್ಬ ಯಜಮಾನ ಅನ್ನುವ ಆ ಮಾತು ಸರಿಯಲ್ಲ ಅಂತ ಬರೆದರು. ನಮ್ಮೂರಿಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ.

ಹಾಗಾಗಿ ಟ್ರೈನರಿಗೆ ಮೊದಲು ಡಾಕ್ಟರಿಗೆ ತೋರಿಸಿ. ಹಲ್ಲು, ಕಿವಿ, ಸೊಂಟ ಎಲ್ಲ ನೋಡಲಿ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರಂತೂ ನೋವೇ ಮೊದಲ ಅನುಮಾನ. ಬೆಕ್ಕಿಗೂ ಅಷ್ಟೇ. ಟ್ರೈನರ್ ಬೇಕೇ ಬೇಕು ಅಂತಿದ್ದರೆ, ಗುರ್ ಅಂದಾಗ ಏನು ಮಾಡುತ್ತೀರಿ ಅಂತ ಕೇಳಿ. ಹೊಡೆತದ ಮಾತು ಬಂದರೆ ಎದ್ದು ಬನ್ನಿ.

ಬೊಗ್ಗನ ಹಲ್ಲನ್ನು ಮಂಗಳೂರಿನಲ್ಲಿ ಕೀಳಿಸಿದೆವು. ತಟ್ಟೆಯನ್ನು ಬಚ್ಚಲಿನ ಹಿಂದಕ್ಕೆ, ಯಾರೂ ಓಡಾಡದ ಕಡೆ ಇಟ್ಟೆವು. ಅವನು ತಿನ್ನುವಾಗ ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಬೇಯಿಸಿದ ಕೋಳಿ ಲಿವರಿನ ಚೂರು ಎಸೆದು ಹಿಂದೆ ಹೋಗುತ್ತಿದ್ದೆ. ಅವನು ನಾನು ಬರುವ ದಾರಿ ನೋಡಲು ಶುರು ಮಾಡಿದ ಮೇಲೆ ಒಂಬತ್ತು ಹೆಜ್ಜೆ. ತಟ್ಟೆಯ ಹತ್ತಿರ ಬರಲು ಎರಡೂವರೆ ತಿಂಗಳು ಬೇಕಾಯಿತು. ಮಕ್ಕಳನ್ನು ಇವತ್ತಿಗೂ ಆ ಕಡೆ ಬಿಡುವುದಿಲ್ಲ.

ಆ ವರ್ಷ ದೀಪಾವಳಿ ಹೊತ್ತಿಗೆ ಒಂದು ಸಂಜೆ ಅಮ್ಮನ ಕೆಂಪು ಹುಂಜ ಬಚ್ಚಲಿನ ಹಿಂದೆ ಹೋಗಿ ತಟ್ಟೆಗೆ ಕೊಕ್ಕು ಹಾಕಿತು. ಬೊಗ್ಗ ಗುರ್ ಅಂದ. ಏಳು ತಿಂಗಳ ನಂತರ ಮೊದಲ ಸಲ. "ಕೇಳಿತಾ ನಿನಗೆ, ಮತ್ತೆ ಶುರು ಮಾಡಿದ" ಅಂತ ಅಮ್ಮ ಒಳಗಿಂದ ಕೂಗಿದರು. ಕೇಳಿತು ಅಂದೆ. ಹೋಗಿ ಹುಂಜವನ್ನು ಓಡಿಸಿದೆ.