ಸೋಲಾರ್ ಜೊತೆ ಬ್ಯಾಟರಿ ಬೇಕಾ? ಮೊದಲು ಕರೆಂಟ್ ಇಲ್ಲದ ಗಂಟೆ ಎಣಿಸಿ

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ತಾರಸಿ ಮನೆ. ತಿಂಗಳಿಗೆ 300 ಯುನಿಟ್ ಆಸುಪಾಸು ಖರ್ಚಾಗುತ್ತದೆ, ಹಾಗಾಗಿ ಗೃಹಜ್ಯೋತಿ ಸಿಗುವುದಿಲ್ಲ. 3 ಕಿಲೋವಾಟ್ ಸೋಲಾರ್ ಹಾಕಿಸಲು ಹೊರಟಿದ್ದೇವೆ. 5 ಯುನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯೂ ಇರಲಿ, 1.5 ಲಕ್ಷ ಜಾಸ್ತಿ ಆಗುತ್ತದೆ, ಬಿಲ್ ಉಳಿತಾಯದಲ್ಲೇ ಆ ಹಣ ವಾಪಸ್ ಬರುತ್ತದೆ ಎಂದು ಅಳವಡಿಸುವವರು ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ಬ್ಯಾಟರಿ ತೆಗೆದುಕೊಳ್ಳುವುದಾ, ಬೇಡವಾ?

ಉತ್ತರ: ಪ್ಯಾನೆಲ್ ಹಾಕಿಸಿ. ಬ್ಯಾಟರಿಗೆ ಈಗಲೇ 1.5 ಲಕ್ಷ ಕೊಡಬೇಡಿ. ಬಿಲ್ ಉಳಿತಾಯದಲ್ಲಿ ಹಣ ವಾಪಸ್ ಬರುತ್ತದೆ ಎಂಬ ಮಾತಂತೂ ನಮ್ಮ ಕರಾವಳಿಯ ಮನೆಗಳ ಲೆಕ್ಕಕ್ಕೆ ಕೂಡುವುದೇ ಇಲ್ಲ. ಒಮ್ಮೆ ಕೂತು ಲೆಕ್ಕ ಹಾಕೋಣ.

5 ಯುನಿಟ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಒಳಗೆ ಹೋಗಿ ಹೊರಗೆ ಬರುವಾಗಲೂ ಸ್ವಲ್ಪ ನಷ್ಟ ಆಗುತ್ತದೆ. ದಿನಕ್ಕೆ 4 ಯುನಿಟ್ ಕೈಗೆ ಸಿಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ 1,460 ಯುನಿಟ್. ಯುನಿಟ್‌ಗೆ 6 ರೂಪಾಯಿ ಹಿಡಿದರೆ 8,760 ರೂಪಾಯಿ. 1.5 ಲಕ್ಷ ವಾಪಸ್ ಬರಲು 17 ವರ್ಷ ಬೇಕು. ಇಂಥ ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ವಾರಂಟಿ 10 ವರ್ಷ.

ಅದೂ ಒಂದು ದಿನ ಬಿಡದೆ ಬ್ಯಾಟರಿ ತುಂಬಿ ಖಾಲಿಯಾದರೆ ಮಾತ್ರ. ನಿಮಗೆ ನೆಟ್ ಮೀಟರಿಂಗ್ ಸಿಕ್ಕಿದರೆ ಈ 8,760 ಕೂಡ ಉಳಿಯುವುದಿಲ್ಲ. ಹಗಲು ಹೆಚ್ಚಾದ ಕರೆಂಟ್ ಮೆಸ್ಕಾಂ (ನಮಗೆ ಕರೆಂಟ್ ಕೊಡುವ ಕಂಪನಿ) ಲೈನ್‌ಗೆ ಹೋಗುತ್ತದೆ, ರಾತ್ರಿ ನೀವು ಅಲ್ಲಿಂದಲೇ ತೆಗೆದುಕೊಳ್ಳುತ್ತೀರಿ. ಮೀಟರ್ ಎರಡನ್ನೂ ಬರೆದುಕೊಂಡು ಒಂದರಲ್ಲಿ ಇನ್ನೊಂದನ್ನು ಕಳೆಯುತ್ತದೆ. ಅಂದರೆ ಬಿಲ್‌ನ ಮಟ್ಟಿಗೆ ಲೈನೇ ನಿಮ್ಮ ಬ್ಯಾಟರಿ. ಇನ್ನೊಂದು ವಿಷಯ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಪ್ಯಾನೆಲ್‌ನ ಲೆಕ್ಕದ ಮೇಲೆ ಸಿಗುವುದು. ಬ್ಯಾಟರಿ ಸೇರಿಸಿದರೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ.

ಹಾಗಾದರೆ ಬ್ಯಾಟರಿ ಯಾಕೆ? ಕರೆಂಟ್ ಹೋದಾಗ ಮನೆ ನಡೆಯಲಿಕ್ಕೆ. ಅಷ್ಟೇ. ಅದು ಸಣ್ಣ ವಿಷಯ ಅಲ್ಲ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಇದ್ದೂ ನಮ್ಮಲ್ಲಿ ಯಾಕೆ ಕತ್ತಲೆ ಎಂದು ಬಹಳ ಜನ ಕೇಳುತ್ತಾರೆ. ಮಳೆಗಾಲದಲ್ಲಿ ನಮಗೆ ಕೈಕೊಡುವುದು ಹೆಚ್ಚಾಗಿ ಮನೆ ಹತ್ತಿರದ ಲೈನು. ಒಂದು ತೆಂಗಿನ ಮಡಲು ತಂತಿ ಮೇಲೆ ಬಿದ್ದರೆ ಸಾಕು, ಆ ಸಾಲಿನ ಮನೆಗಳೆಲ್ಲ ಕತ್ತಲೆ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಂಡಿರುವ ಒಂದು ಸಂಗತಿ ಇದೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಲೈನ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿ ಮೇಲೆ ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದು ದೋಷವಲ್ಲ. ನಿಮ್ಮ ಮಾಡಿನಿಂದ ಕರೆಂಟ್ ಲೈನ್‌ಗೆ ಹರಿದರೆ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಯಾರಾದರೂ ಇದನ್ನು ತಪ್ಪಿಸುವ ಉಪಾಯ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಈಗ ಅಡುಗೆಮನೆಯ ಕ್ಯಾಲೆಂಡರ್ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಗಂಟೆಗೆ ಬಂತು ಎಂದು ಆಯಾ ತಾರೀಖಿನ ಚೌಕದಲ್ಲೇ ಬರೆಯಿರಿ. ಒಂದೇ ಮಳೆಗಾಲ ಸಾಕು. ಹೆಚ್ಚಿನ ಸಲ ನಾಲ್ಕೈದು ಗಂಟೆಯೊಳಗೆ ಬರುತ್ತದೆ ಎಂದಾದರೆ ನಿಮಗೆ ಮಾಮೂಲಿ ಇನ್ವರ್ಟರ್ ಸಾಕು. 150 ಎಎಚ್‌ನ (12 ವೋಲ್ಟ್, ಒಟ್ಟು 1.8 ಯುನಿಟ್ ಹಿಡಿಯುವ) ಒಂದು ಟ್ಯೂಬುಲರ್ ಬ್ಯಾಟರಿಯ ಜೊತೆ ಸುಮಾರು 25-30 ಸಾವಿರಕ್ಕೆ ಮುಗಿಯುತ್ತದೆ. ಅದರ ಅರ್ಧವನ್ನು ಮಾತ್ರ ಬಳಸಿದರೂ 900 ವಾಟ್-ಅವರ್, ಅಂದರೆ 0.9 ಯುನಿಟ್ ಸಿಗುತ್ತದೆ. ಕಡಿಮೆ ಕರೆಂಟ್ ಎಳೆಯುವ ಮೂರು ಬಿಎಲ್‌ಡಿಸಿ ಫ್ಯಾನ್, ಐದು ಎಲ್‌ಇಡಿ ಬಲ್ಬ್, ವೈಫೈ ಎಲ್ಲ ಸೇರಿ 150 ವಾಟ್. ಐದು ಗಂಟೆ ಆರಾಮಾಗಿ ಓಡುತ್ತದೆ. ನೀರು ಹಾಕುತ್ತಿರಬೇಕು, ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಅದನ್ನೆಲ್ಲ ಸೇರಿಸಿದರೂ ಅಗ್ಗವೇ.

ಫ್ರಿಜ್, ಬಾವಿ ಪಂಪು ಕೂಡ ನಡೆಯಬೇಕು, ಕರೆಂಟ್ ದಿನಗಟ್ಟಲೆ ಬರುವುದಿಲ್ಲ ಎಂದರೆ ಮಾತು ಬೇರೆ. ಆಗ ಲಿಥಿಯಂ ಯೋಚಿಸಬಹುದು. ಆದರೂ ಆಟಿ ತಿಂಗಳ (ಜುಲೈ-ಆಗಸ್ಟ್) ಆಕಾಶ ನಿಮಗೆ ಗೊತ್ತಲ್ವಾ? ಒಳ್ಳೆಯ ಬಿಸಿಲಲ್ಲಿ 3 ಕಿಲೋವಾಟ್ ಪ್ಯಾನೆಲ್ ದಿನಕ್ಕೆ 12 ಯುನಿಟ್ ಕೊಡುತ್ತದೆ. ಮಳೆ ಬಿಡದೆ ಹೊಯ್ಯುವ ದಿನ ಅದರ ಕಾಲು ಭಾಗವೂ ಬರದೇ ಇರಬಹುದು. ಬ್ಯಾಟರಿ ಅತಿ ಬೇಕಾದ ದಿನವೇ ಬಿಸಿಲು ಅತಿ ಕಡಿಮೆ. ಹಾಗಾಗಿ ಕರೆಂಟ್ ಇರುವಾಗ ಲೈನ್‌ನಿಂದಲೂ ಬ್ಯಾಟರಿ ತುಂಬುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳಿ.

ಮುಂದೆ ಬ್ಯಾಟರಿ ಹಾಕುವ ಆಸೆ ಇದ್ದರೆ ಈಗಲೇ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಲೈನ್, ಬ್ಯಾಟರಿ ಮೂರನ್ನೂ ನಿಭಾಯಿಸುವಂಥದ್ದು) ತೆಗೆದುಕೊಂಡು, ಬ್ಯಾಟರಿಯ ಜಾಗ ಖಾಲಿ ಬಿಡಿ. ಅದಕ್ಕೆ ಯಾವ ಯಾವ ಬ್ಯಾಟರಿ ಹೊಂದುತ್ತದೆ ಎಂಬ ಪಟ್ಟಿಯನ್ನು ಬರಹದಲ್ಲೇ ಕೇಳಿ. ಅರ್ತಿಂಗ್ ಮತ್ತು ಸಿಡಿಲು ರಕ್ಷಣೆಯ ಹಣದಲ್ಲಿ ಮಾತ್ರ ಚೌಕಾಸಿ ಬೇಡ. ನಮ್ಮ ಏಪ್ರಿಲ್-ಮೇ ತಿಂಗಳ ಸಿಡಿಲು ಒಂದೇ ಹೊಡೆತಕ್ಕೆ ಇನ್ವರ್ಟರ್ ಸುಡಬಲ್ಲದು.

ಪ್ರಶ್ನೆ: ಹೆಬ್ರಿ ಕಡೆಯ ಹಂಚಿನ ಮನೆ. ಸುತ್ತ ಅಡಿಕೆ ತೋಟ, ಮಾಡಿಗೆ ಬಿಸಿಲು ಕಡಿಮೆ. ಅಮ್ಮ ರಾತ್ರಿ ಆಮ್ಲಜನಕದ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಮಳೆಗಾಲದಲ್ಲಿ ಇಡೀ ರಾತ್ರಿ ಕರೆಂಟ್ ಇರುವುದಿಲ್ಲ. ಪ್ಯಾನೆಲ್ ಹಾಕದೆ ಬರೀ ಬ್ಯಾಟರಿ ಹಾಕಿದರೆ ಸುಮ್ನೆ ಖರ್ಚಾ?

ಉತ್ತರ: ಅಲ್ಲ. ನಿಮ್ಮ ಮನೆಗೆ ಬ್ಯಾಟರಿ ಬೇಕೇ ಬೇಕು. ಬಿಲ್‌ನ ಲೆಕ್ಕ ಇಲ್ಲಿ ಬೇಡ. ಪ್ಯಾನೆಲ್ ಇಲ್ಲದೆಯೂ ನಡೆಯುತ್ತದೆ, ಕರೆಂಟ್ ಇರುವಾಗ ತುಂಬಿಕೊಳ್ಳುತ್ತದೆ.

5 ಲೀಟರ್‌ನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ನಿಮ್ಮದರ ಹಿಂದೆ ಅಂಟಿಸಿದ ಚೀಟಿ ನೋಡಿ. ಎಂಟು ಗಂಟೆಗೆ 2.8 ಯುನಿಟ್. 5 ಯುನಿಟ್‌ನ ಲಿಥಿಯಂ ಬ್ಯಾಟರಿ ಇದ್ದರೆ ರಾತ್ರಿ ಕಳೆದು ಬೆಳಿಗ್ಗೆಗೂ ಸ್ವಲ್ಪ ಉಳಿಯುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್‌ದೇ (ಲೈನ್‌ನಲ್ಲಿ ಬರುವಂಥದ್ದೇ ಕರೆಂಟ್ ಕೊಡುವಂಥದ್ದು) ಆಗಿರಲಿ. ಆ ಇನ್ವರ್ಟರ್‌ಗೆ ಯಂತ್ರ, ಒಂದು ಫ್ಯಾನ್, ಒಂದು ಬಲ್ಬ್ ಬಿಟ್ಟು ಬೇರೆ ಏನನ್ನೂ ಸೇರಿಸಬೇಡಿ. ವೈದ್ಯರನ್ನು ಕೇಳಿ ಒಂದು ಆಮ್ಲಜನಕದ ಸಿಲಿಂಡರ್ ಕೂಡ ಇಟ್ಟುಕೊಳ್ಳಿ. ಎರಡನೇ ರಾತ್ರಿಯೂ ಕರೆಂಟ್ ಬಾರದಿದ್ದರೆ ಅದೇ ಆಸರೆ.

ಮೇ ತಿಂಗಳೊಳಗೆ ಹಾಕಿಸಿ. ಹಾಕಿಸಿದ ಮೇಲೆ ಒಂದು ಹಗಲು ಮೇನ್ ಸ್ವಿಚ್ ಆಫ್ ಮಾಡಿ, ಯಂತ್ರವನ್ನು ಬ್ಯಾಟರಿಯಲ್ಲೇ ಎಂಟು ಗಂಟೆ ಓಡಿಸಿ ನೋಡಿ. ಏನಾದರೂ ಕೊರತೆ ಇದ್ದರೆ ಮಳೆ ಹಿಡಿಯುವ ಮೊದಲೇ ಸರಿ ಮಾಡಿಸಲು ಸಮಯ ಇರುತ್ತದೆ.